ಹಾಡೂ ಅಂಗಡಿಯೂ

ಅಮೆರಿಕದ ಸ್ತ್ರೀವಾದಿ ಪತ್ರಿಕೆಗಳಲ್ಲಿ ಹಿರಿದೆನಿಸಿದ ‘ಮಿಜ್’ ಪತ್ರಿಕೆ 1997ರಲ್ಲಿ, ಬರಲಿರುವ ಶತಮಾನಕ್ಕೆ ದಾರಿತೋರುವ ಇಪ್ಪತ್ತೊಂದು ಮಂದಿ ಸ್ತ್ರೀವಾದಿಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಆನಿ ಡಿಫ್ರಾಂಕೊ ಎಂಬ ಹಾಡುಗಾತಿಯ ಹೆಸರೂ ಇತ್ತು. ಇಪ್ಪತ್ತೇಳರ ಹರೆಯದ ಹೆಣ್ಣು ಹಿಗ್ಗಬೇಕಾದ ಸಂದರ್ಭ. ಆದರೆ ಆಕೆ ಹಿಗ್ಗಲಿಲ್ಲ. ಪತ್ರಿಕೆಗೆ ಒಂದು ಬಹಿರಂಗ ಪತ್ರ ಬರೆದಳು. ತನ್ನನ್ನು ಪಟ್ಟಿಗೆ ಸೇರಿಸಿದ್ದಕ್ಕೆ ಆಕೆಯ ಆಕ್ಷೇಪವಿರಲಿಲ್ಲ. ಸೇರಿಸುವುದಕ್ಕೆ ಕೊಟ್ಟ ಕಾರಣ ಆಕೆಯನ್ನು ಚುಚ್ಚಿತ್ತು. ದೊಡ್ಡ ಕಂಪನಿಗಳ ಹೆಸರಾಂತ ಗಾಯಕರಿಗಿಂತ ಈಕೆ ಮಾರಾಟವಾದ ಒಂದೊಂದು ಮುದ್ರಿಕೆಯ ಮೇಲೂ ಹೆಚ್ಚು ಹಣ ಸಂಪಾದಿಸುತ್ತಾಳೆ ಎಂಬುದೇ ಆ ಕಾರಣ. ಆ ದಿನಗಳ ಪತ್ರಿಕೆಗಳೆಲ್ಲ ಅದೇ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದವು: ಒಂದು ಮುದ್ರಿಕೆಗೆ ನಾಲ್ಕು ಡಾಲರಿಗೂ ಮೇಲೆ! ಹಾಡು ಹೇಗಿದೆ, ಅದು ಏನನ್ನು ಹೇಳುತ್ತದೆ ಎಂಬ ಮಾತು ಎಲ್ಲೋ ಒಂದು ಮೂಲೆಯಲ್ಲಿ. ತಾನು ಸತ್ತ ಮೇಲೆ ಜನ ತನ್ನನ್ನು ಹಾಡು ಕಟ್ಟಿದವಳೆಂದು ನೆನೆಯಲಿ, ಕಂಪನಿಯ ಯಜಮಾನಿಯೆಂದು ನೆನೆಯುವುದು ಬೇಡ ಎಂಬುದು ಆ ಪತ್ರದ ತಿರುಳು.

ಪತ್ರ ಬರೆದು ಕಾಲು ಶತಮಾನಕ್ಕೂ ಹೆಚ್ಚು ಕಾಲವಾಯಿತು. ಆಕೆಯ ಬೇಡಿಕೆ ನಡೆದಿದೆಯೆ ಎಂದು ಕೇಳಿದರೆ, ನಡೆದಿಲ್ಲವೆಂದೇ ಹೇಳಬೇಕು. ಇಂದಿಗೂ ಆಕೆಯ ವಿಷಯ ಬರೆಯಹೊರಟವರು ಮೊದಲು ಅಂಗಡಿಯ ಕಥೆ ಹೇಳಿ, ಹಾಡಿಗೆ ಬರುವ ಹೊತ್ತಿಗೆ ದಣಿದುಹೋಗಿರುತ್ತಾರೆ. ತಮ್ಮ ಪುಸ್ತಕಗಳನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ಸುತ್ತಿ ಮಾರಿದ ಗಳಗನಾಥರನ್ನು ನಾವು ಎಷ್ಟೋ ಸಲ ನೆನೆಯುತ್ತೇವೆ. ಆದರೆ ಪ್ರತಿಯೊಂದಕ್ಕೆ ಅವರಿಗೆ ಎಷ್ಟು ಆಣೆ ಉಳಿಯಿತೆಂದು ಇದುವರೆಗೆ ಯಾವ ವಿಮರ್ಶಕನೂ ಲೆಕ್ಕ ಹಾಕಿದ್ದನ್ನು ನಾನು ಕಾಣೆ. ಅಮೆರಿಕದವರಿಗೆ ಲೆಕ್ಕದ ಮೇಲೆ ಪ್ರೀತಿ ಹೆಚ್ಚು. ಅದಿರಲಿ. ಅಂಗಡಿಯನ್ನು ಮರೆತು ಈಕೆಯ ಹಾಡನ್ನು ಮಾತ್ರ ನೋಡುತ್ತೇನೆಂದರೂ ಆಗುವುದಿಲ್ಲ. ಆ ಹಾಡಿನ ಗುಣದಲ್ಲಿ ಅಂಗಡಿಯ ಪಾಲಿದೆ. ದೋಷದಲ್ಲಂತೂ ಇನ್ನೂ ಹೆಚ್ಚಿನ ಪಾಲಿದೆ.

ಆಂಜೆಲಾ ಮರಿಯಾ ಡಿಫ್ರಾಂಕೊ ಹುಟ್ಟಿದ್ದು 1970ರ ಸೆಪ್ಟೆಂಬರ್ 23ರಂದು, ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ಅಂಚಿನ ಬಫಲೋ ನಗರದಲ್ಲಿ. ನ್ಯೂಯಾರ್ಕ್ ಎಂದೊಡನೆ ಗಗನಚುಂಬಿ ಕಟ್ಟಡಗಳನ್ನು ಊಹಿಸಿಕೊಳ್ಳಬಾರದು. ಬಫಲೋ ಈರಿ ಸರೋವರದ ದಡದ ಊರು. ಧಾನ್ಯದ ಕಣಜಗಳ, ಉಕ್ಕಿನ ಕುಲುಮೆಗಳ, ಹಿಮದ ಊರು. ಒಂದು ಕಾಲಕ್ಕೆ ಬಾಳಿ ಬದುಕಿದ ಮನೆತನದ ಹಾಗೆ ಅದು. 1950ರಲ್ಲಿ ಅಲ್ಲಿ 5 ಲಕ್ಷ 80 ಸಾವಿರ ಜನರಿದ್ದರು. 1990ರ ಗಣತಿಯ ವೇಳೆಗೆ ಉಳಿದವರು 3 ಲಕ್ಷ 28 ಸಾವಿರ. 1980ರ ಸುಮಾರಿನಲ್ಲಿ ಪಕ್ಕದ ಲ್ಯಾಕವಾನಾದ ದೊಡ್ಡ ಉಕ್ಕಿನ ಕಾರ್ಖಾನೆ ಕೆಲಸ ನಿಲ್ಲಿಸಿದ ಮೇಲೆ ಊರಿನ ಕಳೆಯೇ ಹೋಯಿತು. ಈ ಹುಡುಗಿ ಬೆಳೆದದ್ದು ಆ ಬೆಳಕು ಕುಂದಿದ ಬೀದಿಗಳಲ್ಲಿ. ಮುಂದೆ ಹಣ ಬಂದಾಗ ಆಕೆ ಮತ್ತೆ ಮತ್ತೆ ಆ ಊರಿಗೇ ಏಕೆ ಮರಳಿದಳೆಂಬುದು ಇದನ್ನು ತಿಳಿದರೆ ಅರ್ಥವಾಗುತ್ತದೆ.

ಒಂಬತ್ತನೆಯ ವಯಸ್ಸಿಗೆ ಆಕೆಗೆ ಮೈಕೇಲ್ ಮೆಲ್‌ಡ್ರಮ್ ಎಂಬ ಸ್ಥಳೀಯ ಹಾಡುಗಾರನ ಪರಿಚಯವಾಯಿತು. ಗಿಟಾರ್ ಕಲಿಸಿದ ಗುರು ಎಂದರೂ ಸರಿ, ಗೆಳೆಯ ಎಂದರೂ ಸರಿ. ಆತನ ಜೊತೆಯಲ್ಲಿ ಕಾಫಿ ಮನೆಗಳಲ್ಲಿ, ಮದ್ಯದಂಗಡಿಗಳಲ್ಲಿ ಬೀಟಲ್ಸ್ ತಂಡದ ಹಾಡುಗಳನ್ನು ಹಾಡುತ್ತ ಆ ಮಗು ವೇದಿಕೆಯ ಭಯ ಕಳೆದುಕೊಂಡಿತು. ತಂದೆತಾಯಿ ಬೇರೆಯಾದರು. ತಾಯಿ ಊರು ಬಿಟ್ಟಾಗ ಮಗಳು ಬಿಡಲಿಲ್ಲ. ಹದಿನೈದನೆಯ ವಯಸ್ಸಿಗೇ ಕಾನೂನಿನ ಪ್ರಕಾರ ತನಗೆ ತಾನೇ ಪೋಷಕಳಾಗಿ ಒಬ್ಬಳೇ ಸಂಸಾರ ಹೂಡಿದಳು. ಕಲಾಶಾಲೆಯ ಓದನ್ನು ಹದಿನಾರಕ್ಕೆ ಮುಗಿಸಿದಳು. ಇದನ್ನು ಸಾಹಸವೆಂದು ಕೊಂಡಾಡುವವರಿದ್ದಾರೆ. ನನಗೇನೋ ಅದು ಕೊಂಡಾಡುವ ಸಂಗತಿಯಾಗಿ ಕಾಣುವುದಿಲ್ಲ. ಆಕೆಯ ಹಾಡುಗಳಲ್ಲಿ ಯಾರ ಮೇಲೂ ಭಾರ ಹಾಕಬಾರದೆಂಬ ಒಂದು ಬಿಗಿತವಿದೆ. ಹಟವೆಂದು ಕಾಣುವ ಅದು ಎಷ್ಟೋ ಕಡೆ ಗಾಯದ ಮೇಲಿನ ಹಕ್ಕಳೆ.

ಆಮೇಲೆ ನ್ಯೂಯಾರ್ಕ್ ನಗರ. ಅಲ್ಲಿನ ನ್ಯೂ ಸ್ಕೂಲ್ ವಿದ್ಯಾಲಯದಲ್ಲಿ ಸೆಕು ಸುಂಡಿಯಾಟ ಎಂಬ ಕವಿ ಕಾವ್ಯ ಕಲಿಸುತ್ತಿದ್ದ. ಕಪ್ಪು ಜನರ ಮಾತಿನ ಲಯವನ್ನು, ಪ್ರಾರ್ಥನಾಮಂದಿರದ ಉಪದೇಶದ ಏರಿಳಿತವನ್ನು ಕವಿತೆಯ ವಾಚನಕ್ಕೆ ತಂದವನು ಆತ. ಪದ್ಯವನ್ನು ಕಾಗದದ ಮೇಲೆ ಕಣ್ಣಿನಿಂದ ಓದಿ ಮುಗಿಸುವುದಲ್ಲ, ಉಸಿರಿನಿಂದ ಅಳೆಯಬೇಕು ಎಂಬ ಪಾಠ ಈಕೆಗೆ ಅಲ್ಲಿ ದೊರೆಯಿತು. ಇದು ಸಣ್ಣ ಮಾತಲ್ಲ. ಆಕೆಯ ಹಾಡಿನ ಸಾಲುಗಳು ಅನೇಕ ವೇಳೆ ತಾಳಕ್ಕೆ ಮೀರಿ ಉದ್ದವಾಗಿರುತ್ತವೆ. ಹಾಡುಗಾತಿ ಅವುಗಳನ್ನು ಮಾತಿನ ವೇಗದಲ್ಲಿ ಹರಿಯಬಿಟ್ಟು, ಕೊನೆಯಲ್ಲಿ ಒಂದು ಪದವನ್ನು ಹಿಡಿದು ನಿಲ್ಲಿಸಿ, ಸಮಕ್ಕೆ ತಂದು ಕೂಡಿಸುತ್ತಾಳೆ. ನಮ್ಮ ಹರಿಕಥೆಯವರನ್ನು ಕೇಳಿದವರಿಗೆ ಈ ಜಾಣ್ಮೆ ತೀರ ಅಪರಿಚಿತವಲ್ಲ.

1990ರಲ್ಲಿ ಆಕೆ ತನ್ನ ಹಾಡುಗಳ ಐನೂರು ಕ್ಯಾಸೆಟ್ಟುಗಳನ್ನು ತಾನೇ ಮಾಡಿಸಿದಳು. ಕಛೇರಿಯ ಕೊನೆಯಲ್ಲಿ ಮಾರುವುದಕ್ಕೆಂದು, ಅಷ್ಟೆ. ಅವು ಬೇಗ ಖರ್ಚಾದವು. ಕಾಲೇಜುಗಳಿಂದ ಕರೆ ಬಂತು. ಒಬ್ಬರು ಕೊಂಡದ್ದನ್ನು ಹತ್ತು ಮಂದಿ ನಕಲು ಮಾಡಿಕೊಂಡರು. ನಕಲು ಕೇಳಿದವರು ಮುಂದಿನ ಕಛೇರಿಗೆ ಬಂದರು. ಈ ಸಣ್ಣ ವ್ಯಾಪಾರಕ್ಕೆ ಇಟ್ಟ ಹೆಸರು ಮುಂದೆ ‘ರೈಚಸ್ ಬೇಬ್ ರೆಕಾರ್ಡ್ಸ್’ ಎಂದಾಯಿತು. ‘ಧರ್ಮನಿಷ್ಠೆಯ ಹುಡುಗಿ’ ಎಂದು ಗಂಭೀರವಾಗಿ ಅರ್ಥ ಹೇಳಿದರೆ ಅದರ ತುಂಟತನ ಹೋಗುತ್ತದೆ. ಕಂಪನಿಯ ದೂರವಾಣಿ ಸಂಖ್ಯೆಯ ಅಕ್ಷರಗಳನ್ನು ಕೂಡಿಸಿ ಓದಿದರೆ ‘ಆನ್ ಹರ್ ಓನ್’ ಎಂದಾಗುತ್ತಿತ್ತು. ಅಂದರೆ ‘ತನ್ನಷ್ಟಕ್ಕೆ ತಾನೇ’. 2024ರಲ್ಲಿ ಆಕೆಯ ಮೇಲೆ ತೆಗೆದ ಸಾಕ್ಷ್ಯಚಿತ್ರಕ್ಕೂ ಆ ಸಂಖ್ಯೆಯನ್ನೇ ಹೆಸರಾಗಿ ಇಟ್ಟರು.

ಸಂಗೀತದ ದೊಡ್ಡ ಕಂಪನಿಗಳು ಆ ಕಾಲದಲ್ಲಿ ನಡೆದುಕೊಳ್ಳುತ್ತಿದ್ದ ರೀತಿ ಗೊತ್ತಿಲ್ಲದವರಿಗೆ ಈಕೆಯ ನಿರಾಕರಣೆಯ ಬೆಲೆ ತಿಳಿಯಲಾರದು. ಕಂಪನಿ ಹೊಸ ಗಾಯಕನಿಗೆ ಮುಂಗಡ ಕೊಡುತ್ತದೆ. ಮುದ್ರಣದ ಖರ್ಚನ್ನು ಗಾಯಕನ ಪಾಲಿನಿಂದಲೇ ಮುರಿದುಕೊಳ್ಳುತ್ತದೆ. ಆ ಸಾಲ ತೀರುವವರೆಗೆ ಮಾರಾಟದಿಂದ ಆತನ ಕೈಗೆ ಬಿಡಿಗಾಸೂ ಬರುವುದಿಲ್ಲ. ಸಾಲ ತೀರಿದ ಮೇಲೂ ಮೂಲ ಧ್ವನಿಮುದ್ರಣದ ಒಡೆತನ ಸಾಮಾನ್ಯವಾಗಿ ಕಂಪನಿಯದೇ. ಮನೆ ಕಟ್ಟಲು ಸಾಲ ತೆಗೆದು, ಕಂತು ಪೂರ್ತಿ ಕಟ್ಟಿ, ಕೊನೆಗೆ ಮನೆ ಬ್ಯಾಂಕಿನದೇ ಎಂದು ತಿಳಿದರೆ ನಮ್ಮ ಗೃಹಸ್ಥರು ಏನೆಂದಾರು? ಪ್ರಿನ್ಸ್‌ನಂಥ ಮಹಾ ಗಾಯಕ ಕಂಪನಿಯೊಡನೆ ಜಗಳವಾಡಿ, ಕೆನ್ನೆಯ ಮೇಲೆ ‘ಗುಲಾಮ’ ಎಂದು ಬರೆದುಕೊಂಡು ವೇದಿಕೆಗೆ ಬಂದದ್ದು ಇದೇ 1990ರ ದಶಕದಲ್ಲಿ. ಆತ ಈಕೆಯನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. 1999ರಲ್ಲಿ ಒಬ್ಬರ ಮುದ್ರಿಕೆಯಲ್ಲಿ ಇನ್ನೊಬ್ಬರು ನುಡಿಸಿ ಹಾಡಿದರು. ಕಂಪನಿಗಳು ಕೈಚಾಚಿದಾಗಲೆಲ್ಲ ಡಿಫ್ರಾಂಕೊ ಬೇಡವೆಂದಳು. 1995ರ ಮುದ್ರಿಕೆಯಲ್ಲಿ ಕಂಪನಿಯವನೊಬ್ಬನಿಗೆ ನೇರವಾಗಿ ಹೇಳುವ ಒಂದು ಹಾಡೇ ಇದೆ. ನನ್ನಿಂದ ನೀನು ಗಳಿಸದೆಹೋದ ಲಕ್ಷಾಂತರ ನಾನೇ ಎಂಬ ಧಾಟಿಯದು. ಹಾಡಾಗಿ ಅದು ಮೇಲ್ದರ್ಜೆಯದಲ್ಲ. ಸಿಟ್ಟು ಅಲ್ಲಿ ಕಾಯುತ್ತದೆ, ಕರಗುವುದಿಲ್ಲ.

ಇನ್ನು ಹಾಡು. ಈಕೆಯ ಗಿಟಾರಿನ ಬಗೆಗೆ ಮೊದಲು ಹೇಳಬೇಕು, ಏಕೆಂದರೆ ಅದನ್ನು ಹೇಳುವವರು ಕಡಿಮೆ. ಬೆರಳುಗಳಿಗೆ ಕೃತಕ ಉಗುರುಗಳನ್ನು ಅಂಟಿಸಿ, ಅವು ಕಳಚಿ ಹಾರದಂತೆ ವಿದ್ಯುತ್ ಕೆಲಸದವರು ಬಳಸುವ ಕಪ್ಪು ಟೇಪನ್ನು ಸುತ್ತಿಕೊಂಡು ಆಕೆ ತಂತಿಗಳನ್ನು ಮೀಟುತ್ತಾಳೆ. ಮೀಟುತ್ತಾಳೆ ಎನ್ನುವುದಕ್ಕಿಂತ ಹೊಡೆಯುತ್ತಾಳೆ ಎನ್ನುವುದೇ ಸರಿ. ತಂತಿಗಳ ಶ್ರುತಿಯನ್ನು ರೂಢಿಯಂತೆ ಇಡದೆ ಹಾಡಿಗೊಂದು ಬಗೆಯಾಗಿ ಬದಲಿಸುತ್ತಾಳೆ. ಹೀಗಾಗಿ ಒಂದೇ ವಾದ್ಯ ಒಂದು ಗಳಿಗೆ ಮದ್ದಲೆಯಂತೆ ಗುಡುಗಿ ಮರುಗಳಿಗೆ ವೀಣೆಯಂತೆ ಒಲಿಯುತ್ತದೆ. ಪಕ್ಕವಾದ್ಯಕ್ಕೆ ಹಣವಿಲ್ಲದವಳು, ಗದ್ದಲದ ಮದ್ಯದಂಗಡಿಯಲ್ಲಿ ಕುಡುಕರ ಕಿವಿಯನ್ನು ತನ್ನತ್ತ ತಿರುಗಿಸಬೇಕಾದವಳು ಕಂಡುಕೊಂಡ ಉಪಾಯ ಇದು. ಬಡತನದಿಂದ ಬಂದ ಉಪಾಯ ಕಡೆಗೆ ಶೈಲಿಯಾಯಿತು. ಅಲಂಕಾರಶಾಸ್ತ್ರದ ಯಾವ ಪುಸ್ತಕದಲ್ಲಿಯೂ ಹೇಳದಿದ್ದರೂ ಎಷ್ಟೋ ಶೈಲಿಗಳು ಹುಟ್ಟುವುದು ಹೀಗೆಯೇ.

ಮೊದಲ ಮುದ್ರಿಕೆಯಲ್ಲಿಯೇ ಎರಡು ಹಾಡುಗಳು ಗಮನಾರ್ಹವಾಗಿವೆ. ‘ಬೋತ್ ಹ್ಯಾಂಡ್ಸ್’ ಎಂಬುದು ಮುರಿದ ಒಲವಿನ ಹಾಡು. ಗೋಳಾಟವಿಲ್ಲ, ಕೋಣೆಯ ಗೋಡೆ, ಕೈ, ಮೈ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಇನ್ನೊಂದು ‘ಲಾಸ್ಟ್ ವುಮನ್ ಸಾಂಗ್’. ಲೂಸಿಲ್ ಕ್ಲಿಫ್ಟನ್ ಎಂಬ ಕಪ್ಪು ಕವಯಿತ್ರಿಗೆ ಅರ್ಪಿತವಾದ ಈ ಹಾಡು ಗರ್ಭಪಾತಕ್ಕಾಗಿ ಚಿಕಿತ್ಸಾಲಯಕ್ಕೆ ಹೋಗುವ ಹುಡುಗಿಯೊಬ್ಬಳದು. ಬಾಗಿಲಲ್ಲಿ ಘೋಷಣೆ ಕೂಗುವವರ ಸಾಲು. ಅದನ್ನು ದಾಟಿ ಆಕೆ ಒಳಗೆ ನಡೆಯಬೇಕು. ಇಂಥ ವಸ್ತು ಸಿಕ್ಕಿದರೆ ಚಳವಳಿಯ ಕವಿ ಘೋಷಣೆಗೆ ಪ್ರತಿಘೋಷಣೆ ಬರೆದಾನು. ಇಲ್ಲಿ ಹಾಗಾಗಿಲ್ಲ. ನಡೆಯುವ ಹೆಜ್ಜೆಗಳ ಲೆಕ್ಕವಿದೆ. ನಾಚಿಕೆಯಿದೆ, ನಾಚಬಾರದೆಂಬ ನಿಶ್ಚಯವಿದೆ. ಹಕ್ಕಿನ ಮಾತು ಬರುವುದು ಕೊನೆಗೆ, ಅದೂ ನಷ್ಟದ ಅರಿವಿನ ಬೆನ್ನಿಗೆ. ಇಪ್ಪತ್ತು ತುಂಬುವುದರೊಳಗೆ ಒಬ್ಬಳು ಇದನ್ನು ಬರೆದಳೆಂದರೆ, ಪ್ರತಿ ಮುದ್ರಿಕೆಗೆ ನಾಲ್ಕು ಡಾಲರಿನ ಲೆಕ್ಕ ಎಷ್ಟು ಕ್ಷುಲ್ಲಕವೆಂಬುದು ಓದುಗರಿಗೇ ಹೊಳೆದೀತು.

1996ರ ‘ಡೈಲೇಟ್’ ಆಕೆಯ ಸ್ಟುಡಿಯೊ ಮುದ್ರಿಕೆಗಳಲ್ಲಿ ಅತ್ಯಂತ ಆಳವಾದದ್ದೆಂದು ನನ್ನ ಅಭಿಪ್ರಾಯ. ಆಗ ಅಭಿಮಾನಿಗಳಲ್ಲಿ ಕೆಲವರಿಗೆ ಅದು ರುಚಿಸಲಿಲ್ಲ; ಲೋಕದ ಅನ್ಯಾಯಗಳನ್ನು ಹಾಡುತ್ತಿದ್ದವಳು ಈಗ ತನ್ನ ಪ್ರೇಮದ ಕಹಿಯನ್ನೇ ಹಾಡುತ್ತಿದ್ದಾಳೆ ಎಂಬ ಗೊಣಗಾಟ. ನಮ್ಮಲ್ಲಿಯೂ ಕವಿ ಭಾವಗೀತೆ ಬರೆದರೆ ಸಮಾಜವನ್ನು ಮರೆತನೆಂದೂ, ಸಮಾಜವನ್ನು ಬರೆದರೆ ಕಾವ್ಯವನ್ನು ಮರೆತನೆಂದೂ ಹೇಳುವವರಿಗೆ ಬರವಿಲ್ಲ. ‘ಡೈಲೇಟ್’ನಲ್ಲಿ ಒಂದು ಹಾಡಿದೆ: ದೊರಕದ ಪ್ರಿಯನಿಗೆ ಹೇಳುವ ಒಂದು ಬೈಗುಳವೇ ಅದರ ಪಲ್ಲವಿ. ಸಭ್ಯರು ಮುಖ ತಿರುಗಿಸುವ ಆ ಮಾತನ್ನು ಆಕೆ ಜೋಗುಳದಷ್ಟು ಮೆತ್ತಗೆ ಹಾಡುತ್ತಾಳೆ. ಬೈಗುಳ ಬೈಗುಳವಾಗಿ ಉಳಿಯುವುದಿಲ್ಲ. ಬಿಟ್ಟುಕೊಡಲಾಗದ್ದನ್ನು ಬಿಟ್ಟುಕೊಡುವ ಯತ್ನವಾಗುತ್ತದೆ. ಶಬ್ದಕ್ಕೂ ಸ್ವರಕ್ಕೂ ಇರುವ ಈ ವಿರೋಧವನ್ನು ಅಚ್ಚಿನ ಕವಿತೆ ಸಾಧಿಸಲಾರದು. ಹಾಡುಗವಿತೆಗೆ ಮಾತ್ರ ಸಾಧ್ಯವಾದ ಧ್ವನಿ ಇದು. ‘ಧ್ವನಿ’ ಎಂಬ ಮಾತನ್ನು ಆನಂದವರ್ಧನನ ಅರ್ಥದಲ್ಲಿಯೇ ಬಳಸುತ್ತಿದ್ದೇನೆ.

ಆದರೆ ಎಲ್ಲವೂ ಹೀಗಿಲ್ಲ. 1990ರಿಂದ 1999ರವರೆಗೆ ಆಕೆ ಹೊರತಂದ ಸ್ಟುಡಿಯೊ ಮುದ್ರಿಕೆಗಳು ಹತ್ತಕ್ಕೆ ಕಡಿಮೆಯಿಲ್ಲ. ವರ್ಷಕ್ಕೊಂದು, ಒಮ್ಮೊಮ್ಮೆ ಎರಡು. ಬೇಡವೆನ್ನುವ ಯಜಮಾನನಿಲ್ಲ, ಹಾಗೆಯೇ, ಇದನ್ನು ಇನ್ನೊಮ್ಮೆ ತಿದ್ದು ಎನ್ನುವ ಹಿರಿಯನೂ ಇಲ್ಲ. ದೊಡ್ಡ ಕಂಪನಿಯ ನಿರ್ಮಾಪಕ ಕಲಾವಿದನ ಕತ್ತು ಹಿಸುಕುವುದುಂಟು, ನಿಜ. ಆದರೆ ಹತ್ತು ಹಾಡು ತಂದರೆ ನಾಲ್ಕನ್ನು ಹಿಂದಕ್ಕೆ ಕೊಡುವವನೂ ಅವನೇ. ಡಿಫ್ರಾಂಕೊಗೆ ಆ ನಾಲ್ಕನ್ನು ಹಿಂದಕ್ಕೆ ಕೊಡುವವರು ಇರಲಿಲ್ಲ. 2001ರ ‘ರೆವಲಿಂಗ್’, ‘ರೆಕನಿಂಗ್’ ಎಂಬ ಜೋಡಿ ಮುದ್ರಿಕೆಯನ್ನು ಕೇಳುವಾಗ ಈ ಕೊರತೆ ಎದ್ದು ಕಾಣುತ್ತದೆ. ಕೊಂಬುಕಹಳೆಗಳ ತಂಡ ಚೆನ್ನಾಗಿದೆ, ಕೆಲವು ಹಾಡುಗಳು ಸೊಗಸಾಗಿವೆ. ಆದರೆ ಎರಡು ತಟ್ಟೆಗಳ ಸರಕು ಒಂದು ತಟ್ಟೆಯದು. ಒಳ್ಳೆಯ ಸಂಪಾದಕನೊಬ್ಬನ ಕತ್ತರಿ ಬಿದ್ದಿದ್ದರೆ ಅದೇ ಆಕೆಯ ಶ್ರೇಷ್ಠ ಕೃತಿಯಾಗುತ್ತಿತ್ತೇನೊ. 2004ರಲ್ಲಿ ಆಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನುಡಿಸುವುದು, ಹಾಡುವುದು, ಮುದ್ರಿಸುವುದು, ಮಿಶ್ರಣ ಮಾಡುವುದು ಎಲ್ಲವನ್ನೂ ತಾನೊಬ್ಬಳೇ ಮಾಡಿ ‘ಎಜುಕೇಟೆಡ್ ಗೆಸ್’ ಎಂಬ ಮುದ್ರಿಕೆಯನ್ನು ತಂದಳು. ಒಂಟಿತನದ ಒಂದು ಬಗೆಯ ಪ್ರಾಮಾಣಿಕತೆ ಅದರಲ್ಲಿದೆಯೆಂದು ಒಪ್ಪಿದರೂ, ಕೋಣೆಯ ಕಿಟಕಿ ಯಾರಾದರೂ ತೆರೆಯಬಾರದೆ ಎನ್ನಿಸುತ್ತದೆ. ಮರುವರ್ಷ ‘ನಕಲ್ ಡೌನ್’ ಮುದ್ರಿಕೆಗೆ ಜೋ ಹೆನ್ರಿಯನ್ನು ಜೊತೆ ನಿರ್ಮಾಪಕನಾಗಿ ಕರೆದುಕೊಂಡಳು. ಹಾಡುಗಳು ಕೂಡಲೆ ಉಸಿರಾಡತೊಡಗಿದವು.

ಆ ಕತ್ತರಿಯ ಕೆಲಸವನ್ನು ಆಕೆಗೆ ಮಾಡಿಕೊಡುತ್ತಿದ್ದವರು ಸಭಿಕರೇ ಎಂದು ತೋರುತ್ತದೆ. 1997ರ ‘ಲಿವಿಂಗ್ ಇನ್ ಕ್ಲಿಪ್’ ಸಭೆಗಳಲ್ಲಿ ಹಾಡಿದ್ದರ ಮುದ್ರಿಕೆ. ಡ್ರಮ್ಮಿಗೆ ಆಂಡಿ ಸ್ಟೊಚಾನ್ಸ್ಕಿ, ಬೇಸ್ ಗಿಟಾರಿಗೆ ಸಾರಾ ಲೀ, ಮುಂದೆ ಈಕೆ. ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳಿಗೆ ಕೊಡುವ ಚಿನ್ನದ ಮನ್ನಣೆ ಅದಕ್ಕೆ ದೊರೆಯಿತು. ಆದರೆ ನಾನು ಅದನ್ನು ಹೆಸರಿಸುವುದು ಅದಕ್ಕಾಗಿ ಅಲ್ಲ. ಸ್ಟುಡಿಯೊದಲ್ಲಿ ಬಡಕಲಾಗಿದ್ದ ಹಾಡುಗಳು ಇಲ್ಲಿ ಮೈದುಂಬಿಕೊಂಡಿವೆ. ನಡುವೆ ನಗು, ಹರಟೆ, ಮರೆತ ಸಾಲು, ಮತ್ತೆ ಆರಂಭ. ಬಫಲೋ ನಗರದ ವಾದ್ಯಮೇಳದೊಡನೆ ಹಾಡಿದ ‘ಬೋತ್ ಹ್ಯಾಂಡ್ಸ್’ ಕೇಳಿದವರಿಗೆ, ಐನೂರು ಕ್ಯಾಸೆಟ್ಟುಗಳ ಹುಡುಗಿ ತನ್ನ ಊರಿನ ಹಿರಿಯರ ನಡುವೆ ನಿಂತು ಹಾಡುತ್ತಿರುವ ಭಾವ ಬಾರದಿರದು. ಆಕೆಯ ಒಂದೇ ಮುದ್ರಿಕೆ ಕೇಳುತ್ತೇವೆನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಆದರೆ ಸಭಿಕರ ಪ್ರೀತಿಗೂ ಒಂದು ಬೆಲೆಯಿದೆ. ಕಂಪನಿಯ ಒಡೆತನವನ್ನು ಒಲ್ಲೆನೆಂದವಳಿಗೆ ಅಭಿಮಾನಿಗಳ ಒಡೆತನ ಕಾದಿತ್ತು. ಬೋಳಿಸಿದ ತಲೆ, ಮೂಗಿನಲ್ಲಿ ರಿಂಗು, ದಪ್ಪ ಬೂಟು; ಗಂಡಸರನ್ನೂ ಹೆಂಗಸರನ್ನೂ ಪ್ರೀತಿಸಬಲ್ಲೆನೆಂದು ಬಹಿರಂಗವಾಗಿ ಹೇಳಿದ ಧೈರ್ಯ. ಇವುಗಳಲ್ಲಿ ಎಷ್ಟೋ ಹುಡುಗಿಯರು ತಮ್ಮನ್ನೇ ಕಂಡರು. ಕಂಡದ್ದು ತಪ್ಪಲ್ಲ. ಆದರೆ ಆಕೆ ಒಂದು ದಿನ ತುಟಿಗೆ ಬಣ್ಣ ಹಚ್ಚಿ ಲಂಗ ತೊಟ್ಟು ಬಂದರೆ, ಮೋಸವಾಯಿತೆಂಬ ಗುಸುಗುಸು. 1998ರಲ್ಲಿ ಗಂಡಸೊಬ್ಬನನ್ನು ಮದುವೆಯಾದಾಗ ದ್ರೋಹವೆಂದೇ ಕೆಲವರು ನುಡಿದರು. ಆ ವರ್ಷದ ‘ಲಿಟ್ಲ್ ಪ್ಲಾಸ್ಟಿಕ್ ಕ್ಯಾಸಲ್’ ಅಮೆರಿಕದ ಮಾರಾಟದ ಪಟ್ಟಿಯಲ್ಲಿ 22ನೆಯ ಸ್ಥಾನಕ್ಕೇರಿತು. ಅದರ ಮೊದಲ ಹಾಡಿನಲ್ಲಿ ಗಾಜಿನ ಬೋಗುಣಿಯ ಮೀನಿನ ನೆಪದಲ್ಲಿ ಆಕೆ ಈ ನೋಡುವ ಕಣ್ಣುಗಳಿಗೆ ನಗುನಗುತ್ತ ಉತ್ತರ ಕೊಟ್ಟಿದ್ದಾಳೆ. ಸಿಟ್ಟಿನ ಹಾಡಿಗಿಂತ ಈ ನಗೆಯ ಹಾಡು ನೂರು ಪಾಲು ಮೇಲು. ಕಲಾವಿದೆ ಯಾರನ್ನು ಮದುವೆಯಾಗಬೇಕೆಂದು ಕೇಳುಗರು ಕೈಯೆತ್ತಿ ಮತ ಹಾಕುವುದು ಯಾವ ಸ್ವಾತಂತ್ರ್ಯವೋ ನನಗೆ ತಿಳಿಯದು.

ಅಂಗಡಿ ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಬೇಕು. ಬ್ರೂಸ್ ‘ಯೂಟಾ’ ಫಿಲಿಪ್ಸ್ ಎಂಬ ವೃದ್ಧ ಹಾಡುಗಾರನಿದ್ದ. ರೈಲುಬಂಡಿಗಳಲ್ಲಿ ಅಲೆದು, ಕಾರ್ಮಿಕ ಸಂಘದ ಹಾಡುಗಳನ್ನೂ ಅಲೆಮಾರಿಗಳ ಕಥೆಗಳನ್ನೂ ಹೇಳಿಕೊಂಡು ಬಂದವನು. ಆತನ ಸಭೆಗಳ ಹಳೆಯ ಟೇಪುಗಳಿಂದ ಕಥೆಗಳನ್ನಷ್ಟೇ ಆರಿಸಿ ತೆಗೆದು, ಅವುಗಳ ಕೆಳಗೆ ಹೊಸ ಕಾಲದ ತಾಳ ಹಾಸಿ, 1996ರಲ್ಲಿ ಡಿಫ್ರಾಂಕೊ ಒಂದು ಮುದ್ರಿಕೆ ತಂದಳು. ಮುದುಕನ ಮಾತು ಹಾಗೆಯೇ ಇದೆ, ಒಂದಕ್ಷರ ಹೆಚ್ಚಿಲ್ಲ. ಆದರೆ ಇಪ್ಪತ್ತರ ಹುಡುಗರು ಕಿವಿಗೊಟ್ಟು ಕೇಳಿದರು. 1999ರಲ್ಲಿ ಇಬ್ಬರೂ ಕೂಡಿ ‘ಫೆಲೋ ವರ್ಕರ್ಸ್’ ಹಾಡಿದರು. ಕಾವ್ಯ ಕಲಿಸಿದ ಗುರು ಸುಂಡಿಯಾಟನ ವಾಚನದ ಮುದ್ರಿಕೆಯೂ 2000ದಲ್ಲಿ ಶಿಷ್ಯೆಯ ಅಂಗಡಿಯಿಂದಲೇ ಬಂತು. ಗುರುದಕ್ಷಿಣೆಯ ಈ ರೀತಿ ನಮಗೆ ಹಿತವಾಗದಿರಲು ಸಾಧ್ಯವೆ? ತನ್ನ ಹಾಡನ್ನು ತಿದ್ದಲು ಇನ್ನೊಬ್ಬರನ್ನು ಬಿಡದವಳು ಇನ್ನೊಬ್ಬರ ಮಾತನ್ನು ತಿದ್ದಿ ಜೋಡಿಸುವಾಗ ಎಂಥ ಸಂಯಮ ತೋರುತ್ತಾಳೆಂಬುದು ಸೋಜಿಗ.

ಬಫಲೋದಲ್ಲಿ 1870ರ ದಶಕದಲ್ಲಿ ಕಟ್ಟಿದ ಒಂದು ಕಲ್ಲಿನ ಚರ್ಚು ಪಾಳುಬಿದ್ದಿತ್ತು. 1995ರಲ್ಲಿ ಅದನ್ನು ಕೆಡವುವ ಮಾತು ಬಂದಾಗ ತಡೆಯಲು ಹೊರಟವರಲ್ಲಿ ಈಕೆಯೂ ಈಕೆಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಸ್ಕಾಟ್ ಫಿಷರನೂ ಸೇರಿದ್ದರು. ಕೊನೆಗೆ ಅವರೇ ಕೊಂಡು, ದುರಸ್ತಿ ಮಾಡಿಸಿ, 2006ರಲ್ಲಿ ಬಾಗಿಲು ತೆರೆದರು. ಮೇಲೆ ಸಂಗೀತದ ಸಭಾಂಗಣ. ಹಾಲ್‌ವಾಲ್ಸ್ ಎಂಬ ಕಲಾಕೇಂದ್ರಕ್ಕೂ ಅಲ್ಲಿಯೇ ಜಾಗ. ಮುದ್ರಣ, ಹೊದಿಕೆ, ಅಂಗಿಯ ಅಚ್ಚು ಎಲ್ಲವನ್ನೂ ಎಲ್ಲೆಲ್ಲಿಯೋ ಅಗ್ಗಕ್ಕೆ ಮಾಡಿಸದೆ ಬಫಲೋದ ಅಂಗಡಿಗಳಿಗೇ ಕೊಡುತ್ತೇನೆಂದು ಆಕೆ ಹೇಳುತ್ತಿದ್ದುದು ಬಾಯಿಮಾತಲ್ಲವೆಂಬುದಕ್ಕೆ ಈ ಗೋಪುರ ಸಾಕ್ಷಿ. ಇಷ್ಟೆಲ್ಲ ಆದರೂ ಸಂಗೀತಲೋಕದ ದೊಡ್ಡ ಗೌರವವಾದ ಗ್ರಾಮಿ ಆಕೆಗೆ ದೊರೆತದ್ದು ಹಾಡಿಗಲ್ಲ. 2004ರಲ್ಲಿ ‘ಇವಾಲ್ವ್’ ಮುದ್ರಿಕೆಯ ಹೊದಿಕೆಗೆ ಆ ಬಹುಮಾನ ಬಂತು. ‘ಮಿಜ್’ ಪತ್ರಿಕೆಗೆ ಬರೆದ ಪತ್ರವನ್ನು ನೆನೆದವರಿಗೆ ನಗು ತಡೆಯುವುದು ಕಷ್ಟ.

2005ರಲ್ಲಿ ಆಕೆಯ ಕೈಗಳ ಸ್ನಾಯುರಜ್ಜುಗಳು ಉರಿಗೊಂಡು ಗಿಟಾರನ್ನು ಕೆಲಕಾಲ ಕೆಳಗಿಡಬೇಕಾಯಿತು. ಹದಿನೈದು ವರ್ಷ ತಂತಿಗಳನ್ನು ಹೊಡೆದದ್ದಕ್ಕೆ ಕೈ ಕೊಟ್ಟ ಲೆಕ್ಕ ಅದು. 2007ರಲ್ಲಿ ಮಗಳು ಹುಟ್ಟಿದಳು. ಮನೆ ನ್ಯೂ ಆರ್ಲಿಯನ್ಸಿಗೆ ಬಂತು. ಹಾಡಿನ ವೇಗ ಇಳಿಯಿತು, ಸ್ವರ ಕೆಳಗಾಯಿತು. 2012ರಲ್ಲಿ ಫ್ಲಾರೆನ್ಸ್ ರೀಸ್ ಎಂಬಾಕೆ 1931ರಲ್ಲಿ ಕಟ್ಟಿದ ಗಣಿಕಾರ್ಮಿಕರ ಹಾಡನ್ನು ಹೊಸ ಚರಣಗಳೊಡನೆ ಹಾಡಿದಾಗ ಮುಪ್ಪಿನ ಪೀಟ್ ಸೀಗರ್ ಬ್ಯಾಂಜೊ ನುಡಿಸಿದ. ‘ನೀನು ಯಾವ ಪಕ್ಷ’ ಎಂದು ಕೇಳುವ ಹಾಡು ಅದು.

ಮರುವರ್ಷವೇ ಆ ಪ್ರಶ್ನೆ ಆಕೆಯ ಬಾಗಿಲಿಗೆ ಬಂದು ನಿಂತಿತು. 2013ರ ಕೊನೆಯಲ್ಲಿ ಹಾಡುಕಟ್ಟುವವರ ಶಿಬಿರವೊಂದನ್ನು ಆಕೆಯ ನೇತೃತ್ವದಲ್ಲಿ ಲೂಸಿಯಾನಾದ ನಾಟೊವೇ ಎಂಬ ಭವನದಲ್ಲಿ ನಡೆಸುವುದಾಗಿ ಪ್ರಕಟವಾಯಿತು. ಅದು ಗುಲಾಮರ ದುಡಿಮೆಯ ಮೇಲೆ ನಿಂತ ಕಬ್ಬಿನ ಎಸ್ಟೇಟಿನ ಅರಮನೆ. ಆಗ ಐಷಾರಾಮದ ವಸತಿಗೃಹವಾಗಿತ್ತು. (2025ರ ಮೇ ತಿಂಗಳಲ್ಲಿ ಅದು ಬೆಂಕಿಗೆ ಆಹುತಿಯಾಯಿತು.) ಕಪ್ಪು ಹೆಂಗಸರು, ಅದರಲ್ಲಿಯೂ ಆಕೆಯ ಹಾಡುಗಳಿಂದ ಬಲ ಪಡೆದಿದ್ದವರು, ಇದೇನೆಂದು ಕೇಳಿದರು. ಶಿಬಿರ ರದ್ದಾಯಿತು. ಆದರೆ ರದ್ದುಮಾಡುತ್ತ ಆಕೆ ಬರೆದ ಹೇಳಿಕೆ ಉದ್ದವಾಗಿತ್ತು, ಸಮಜಾಯಿಷಿಯಿಂದ ತುಂಬಿತ್ತು. ಕೇಳಿದವರ ನೋವಿಗಿಂತ ತನ್ನ ಸದುದ್ದೇಶದ ವಿವರಣೆಯೇ ಅದರಲ್ಲಿ ಹೆಚ್ಚು. ಕೆಲವು ದಿನಗಳಾದ ಮೇಲೆ, 2014ರ ಜನವರಿಯಲ್ಲಿ, ಚಿಕ್ಕದೊಂದು ಕ್ಷಮಾಪಣೆ ಬಂತು. ಮೊದಲೇ ಅದು ಬರಬೇಕಾಗಿತ್ತು.

ಈ ಪ್ರಕರಣವನ್ನು 1998ರ ಮದುವೆಯ ಗದ್ದಲದ ಜೊತೆಗೆ ಸೇರಿಸಿ, ಅಭಿಮಾನಿಗಳೆಂದರೆ ಹೀಗೆಯೇ, ಯಾವಾಗಲೂ ಕಾಡುವವರು ಎಂದು ಬರೆದವರಿದ್ದಾರೆ. ಆ ಸಮೀಕರಣವನ್ನು ನಾನು ಒಪ್ಪುವುದಿಲ್ಲ. ಮದುವೆ ಆಕೆಯ ಸ್ವಂತ ವಿಷಯ. ಅಲ್ಲಿ ಕೇಳುಗರಿಗೆ ಹಕ್ಕಿರಲಿಲ್ಲ. ನಾಟೊವೇ ಸ್ವಂತ ವಿಷಯವಲ್ಲ. ಯಾರ ಪಕ್ಷ ಎಂದು ಹಾಡಿನಲ್ಲಿ ಕೇಳಿದವಳನ್ನು ಅದೇ ಪ್ರಶ್ನೆ ಕೇಳುವ ಹಕ್ಕು ಆ ಹಾಡೇ ಅವರಿಗೆ ಕೊಟ್ಟಿತ್ತು. ಮೊದಲ ಹೇಳಿಕೆಯ ದೋಷವೂ ನನಗೆ ಪರಿಚಿತವಾದದ್ದೇ ಎನಿಸುತ್ತದೆ: ಜೋಡಿ ಮುದ್ರಿಕೆಯಲ್ಲಿ ಕಂಡ ದೋಷ, ಕತ್ತರಿಯಿಲ್ಲದವರ ದೋಷ. ಹತ್ತಿರದವರೊಬ್ಬರು ಅದನ್ನು ಓದಿ, ಮುಕ್ಕಾಲು ಪಾಲು ಹೊಡೆದುಹಾಕಿ, ಉಳಿದದ್ದನ್ನು ಕಳುಹಿಸು ಎಂದಿದ್ದರೆ ಚೆನ್ನಾಗಿತ್ತು. ಎಲ್ಲವೂ ತನ್ನದೇ ಆಗಿರುವ ಮನೆಯಲ್ಲಿ ಹಾಗೆ ಹೇಳುವವರು ಕಡಿಮೆ.

2019ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆಕೆ ತನ್ನ ಬಾಳನ್ನು 2001ರ ಸುಮಾರಿಗೆ ತಂದು ನಿಲ್ಲಿಸಿದ್ದಾಳೆ. ಬಾಲ್ಯದ ಪುಟಗಳು ತುಂಬ ಚೆನ್ನಾಗಿವೆ. ರಾಜಕೀಯ ಚಿಂತನೆಯ ಪುಟಗಳು ಭಾಷಣದ ಕಡೆಗೆ ಜಾರುತ್ತವೆ. ನಾಟೊವೇ ವಿಷಯಕ್ಕೆ ಕಥೆ ತಲಪುವುದೇ ಇಲ್ಲ. ಮುಂದಿನ ಭಾಗ ಬರೆದರೆ ಆ ಅಧ್ಯಾಯವನ್ನು ಹೇಗೆ ಬರೆದಾಳೆಂಬುದರ ಮೇಲೆ ಬರಹಗಾರ್ತಿಯಾಗಿ ಆಕೆಯ ಅಳತೆ ನಿಂತಿದೆ.

ಕೊನೆಯದಾಗಿ ಒಂದು ಸಂಗತಿ. ಅನಾಯಿಸ್ ಮಿಚೆಲ್ ಎಂಬ ಕಿರಿಯ ಹಾಡುಗಾತಿ ಗ್ರೀಕ್ ಪುರಾಣದ ಆರ್ಫಿಯಸನ ಕಥೆಯನ್ನು ‘ಹೇಡ್ಸ್‌ಟೌನ್’ ಎಂಬ ಗೀತನಾಟಕವಾಗಿ ಬರೆದಾಗ, 2010ರಲ್ಲಿ ಅದರ ಮುದ್ರಿಕೆಯನ್ನು ಹೊರತಂದದ್ದು ರೈಚಸ್ ಬೇಬ್. ಪಾತಾಳದ ರಾಣಿ ಪರ್ಸಿಫನಿಯ ಹಾಡುಗಳನ್ನು ಅದರಲ್ಲಿ ಡಿಫ್ರಾಂಕೊ ಹಾಡಿದ್ದಾಳೆ. ನಾಟಕ ಬೆಳೆದು ಬ್ರಾಡ್‌ವೇ ರಂಗಮಂದಿರಕ್ಕೆ ಹೋಯಿತು. 2019ರಲ್ಲಿ ಶ್ರೇಷ್ಠ ಗೀತನಾಟಕವೆಂದು ಟೋನಿ ಪ್ರಶಸ್ತಿ ಪಡೆಯಿತು. 2024ರ ಫೆಬ್ರವರಿಯಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಡಿಫ್ರಾಂಕೊ ಆ ರಂಗದ ಮೇಲೆ ಪರ್ಸಿಫನಿಯಾಗಿ ನಿಂತಳು. ಹಾಡು ಇನ್ನೊಬ್ಬಳದು, ನಡೆ ನಿರ್ದೇಶಕಿಯದು, ಉಡುಪು ರಂಗದವರದು, ಅಂಗಡಿ ಬೇರೆಯವರದು. ವಾರದಲ್ಲಿ ಎಂಟು ಆಟ, ಗಂಟೆ ಹೊಡೆದಾಗ ಪರದೆ ಏಳಬೇಕು. ವರ್ಷದಲ್ಲಿ ಅರ್ಧ ಕಾಲ ಭೂಮಿಯ ಮೇಲೆ, ಅರ್ಧ ಕಾಲ ಗಂಡನ ಪಾತಾಳದಲ್ಲಿ ಬಾಳಬೇಕಾದ ರಾಣಿಯ ಪಾತ್ರ. ಹರೆಯದಲ್ಲಿ ಇಂಥ ಕಟ್ಟುಪಾಡಿಗೆ ಆಕೆ ಒಪ್ಪುತ್ತಿದ್ದಳೆ ಎಂದು ನನಗೆ ಸಂದೇಹ. 2010ರ ಮುದ್ರಿಕೆ ನಮಗೆ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಪರ್ಸಿಫನಿ ಪಾತಾಳದ ಜನರಿಗೆ ಕದ್ದು ತಂದ ಬಿಸಿಲನ್ನೂ ಮಳೆಯನ್ನೂ ಮಾರುವ ಹಾಡೊಂದಿದೆ. ಅಂಗಡಿಯಾಕೆಯ ಆ ಪಾತ್ರವನ್ನು ಆಕೆ ಎಷ್ಟು ಸಲುಗೆಯಿಂದ, ಎಷ್ಟು ಕುಣಿದಾಡುತ್ತ ಹಾಡಿದ್ದಾಳೆಂಬುದನ್ನು ಓದುಗರು ಒಮ್ಮೆ ಕೇಳಿಯೇ ತಿಳಿಯಬೇಕು.